ಮೊದಲ ಕೊಡ

ಕರಡಿಹಟ್ಟಿಯ ಊರಬಾಗಿಲಲ್ಲಿರುವ ಅಗಸಿ ನಳದಲ್ಲಿ ಕೇರಿಯವರು ಇನ್ನು ನೀರು ಹಿಡಿಯುವಂತಿಲ್ಲ ಎಂದು ಪಂಚಾಯಿತಿ ಠರಾವು ಮಾಡಿತು. ಕೇರಿಗೆ ಗಣಿ ಗುಂಡಿಯ ನೀರು ಎಂದು ಗೊತ್ತುಮಾಡಿತು. ಕೇರಿಯಿಂದ ಆರಿಸಿ ಬಂದ ಸದಸ್ಯನಿಗೆ ಆ ಸಭೆಯ ತಾರೀಖು ತಿಳಿಸಿರಲಿಲ್ಲ.

ಠರಾವಿನ ಭಾಷೆ ಮಾತ್ರ ಬೆಣ್ಣೆಯಂತಿತ್ತು. 'ಕೇರಿಯ ತಾಯಂದಿರು ಸರದಿಯಲ್ಲಿ ಕಾಯುವ ಕಷ್ಟವನ್ನು ತಪ್ಪಿಸುವ ಸಲುವಾಗಿ ಅವರಿಗೇ ಪ್ರತ್ಯೇಕ ನಳ.' ತಾಯಂದಿರಂತೆ! ಅದೇ ತಾಯಂದಿರ ಕೊಡ ಅಗಸಿ ನಳದ ಕಟ್ಟೆಗೆ ತಾಗಿದರೆ ಕಟ್ಟೆಗೆ ನೀರು ಹೊಯ್ದು ತೊಳೆಯುತ್ತಿದ್ದ ಜನ ಇವರು.

ಸಂಡೂರಿನ ಗುಡ್ಡಗಳ ಬುಡದಲ್ಲಿರುವ ಈ ಊರಿಗೆ ಹೊಳೆಯ ನೀರು ಬರುವುದು ಆ ಒಂದೇ ನಳಕ್ಕೆ. ಬೆಳಿಗ್ಗೆ ನೀರು ಬಿಟ್ಟಾಗ ಮೊದಲು ಊರಿನ ಕೊಡಗಳು. ಕೇರಿಯ ಹೆಂಗಸರು ಬೇವಿನ ಮರದ ಆಚೆ ಕೊಡ ಸಾಲಿಟ್ಟು ನಿಲ್ಲಬೇಕು. ಊರಿನವರು ತಡವಾಗಿ ಬಂದರೂ ಅವರದೇ ಮುಂದೆ. ಅವರ ಕೊಡ ತುಂಬಿ, ಅವರ ಎಮ್ಮೆಯ ಬಾನಿ ತುಂಬಿ, ಪಂಚಾಯಿತಿ ಅಧ್ಯಕ್ಷ ಮೈಲಾರಲಿಂಗಪ್ಪನ ಬೈಕು ತೊಳೆದಾದ ಮೇಲೂ ನಳದಲ್ಲಿ ಉಸಿರಿದ್ದರೆ ಆಗ ಕೇರಿ. ಇಲ್ಲದಿದ್ದರೆ ನಾಳೆ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆದಿಟ್ಟ ಕಾನೂನು ಇದಕ್ಕೆ ತದ್ವಿರುದ್ಧ. ಅದನ್ನು ಪಂಚಾಯಿತಿ ಗೋಡೆಗೆ ಚೌಕಟ್ಟು ಹಾಕಿ ತೂಗುಹಾಕಿದ್ದಾರೆ. ಹಲ್ಲಿಗಳು ಅದರ ಹಿಂದೆ ಮೊಟ್ಟೆಯಿಡುತ್ತವೆ.

ಈ ವರ್ಷ ನಳದ ಧಾರೆ ಸಣ್ಣಗಾಯಿತು. ಗುಡ್ಡದ ಮೇಲೆ ಗಣಿ ಕಂಪನಿ ಕಟ್ಟಿಸಿದ ಗೆಸ್ಟ್‌ಹೌಸಿಗೆ ಅದೇ ಪೈಪಿನಿಂದ ಕನೆಕ್ಷನ್ ಕೊಟ್ಟಿದ್ದರು. ಹಂಪಿ ನೋಡಲು ಬಂದವರು ಅಲ್ಲಿ ಉಳಿದು ಹುಲ್ಲುಹಾಸಿನ ಮೇಲೆ ಬರಿಗಾಲಲ್ಲಿ ಓಡಾಡಬೇಕಲ್ಲ, ಹುಲ್ಲಿಗೆ ನೀರು ಬೇಕು. ಊರು ಹುಲ್ಲನ್ನು ಬೈಯಲಿಲ್ಲ. ಊರಿನ ಕಣ್ಣಿಗೆ ಬಿದ್ದದ್ದು ಬೇವಿನ ಮರದ ಆಚೆಯ ಕೊಡಗಳು.

ಗುಂಡಿಯೂ ಕಂಪನಿಯದೇ. ಗುಡ್ಡ ಅಗೆದು, ಅದಿರು ತೆಗೆದು ಮಾರಿ, ಇನ್ನು ಸಿಗುವುದೇನೂ ಇಲ್ಲವೆಂದಾದಾಗ ಬಿಟ್ಟುಹೋದ ತಗ್ಗು. ಆಮೇಲೆ ವರ್ಷಾನುಗಟ್ಟಲೆ ಕಂಪನಿಯ ಸ್ಪಾಂಜ್ ಐರನ್ ಫ್ಯಾಕ್ಟರಿಯ ಟಿಪ್ಪರುಗಳು ಬೂದಿ, ಕರಿ ರಾಡಿ ಎಲ್ಲವನ್ನೂ ಅದರೊಳಗೇ ಸುರಿದವು. ಮಳೆಯ ನೀರು ನಿಂತು ಎಲ್ಲವನ್ನೂ ಮುಚ್ಚಿತು. ಕಂಪನಿ ದಂಡೆಗೆ ಕಂಬಿ ಹಾಕಿ, ಸಿಮೆಂಟಿನ ಎರಡು ನವಿಲು ನಿಲ್ಲಿಸಿ 'ಸರೋವರ' ಎಂದು ಬೋರ್ಡು ಬರೆಸಿತು. ಈಗ ಅದನ್ನು ಕುಡಿಯುವ ನೀರಿನ ಯೋಜನೆಯೆಂದು ಪಂಚಾಯಿತಿಗೆ ಒಪ್ಪಿಸಿಬಿಟ್ಟರೆ ತಗ್ಗೂ, ತಗ್ಗಿನಲ್ಲಿ ಹೂತದ್ದೂ ಕಂಪನಿಯ ತಲೆಯಿಂದ ಇಳಿದುಹೋಗುತ್ತದೆ. ಕುಡಿಯಲು ಜನ ಬೇಕಿತ್ತು. ಊರು ಧಾರಾಳವಾಗಿ ಕೇರಿಯನ್ನು ದಾನ ಮಾಡಿತು.

ಇದನ್ನೆಲ್ಲ ನಡೆಸಲು ಕಂಪನಿ ಇಟ್ಟಿದ್ದ ಮನುಷ್ಯ ಕಂಪ್ಲಿಯ ಜಂಬುನಾಥ್. ಹುದ್ದೆಯ ಹೆಸರು 'ಸಮುದಾಯ ಅಭಿವೃದ್ಧಿ ಅಧಿಕಾರಿ'. ಅವನ ಜೀಪಿನಲ್ಲಿ ಸದಾ ಒಂದು ರಿಬ್ಬನ್ ಸುರುಳಿ, ಒಂದು ಕತ್ತರಿ ಇರುತ್ತಿದ್ದವು; ಸಮುದಾಯ ದಾರಿಯಲ್ಲಿ ಎಲ್ಲಿ ಸಿಕ್ಕರೂ ಅಭಿವೃದ್ಧಿ ಮಾಡಿಬಿಡಬಹುದು.

ಮೊದಲ ಸಲ ಪಂಪು ಚಾಲು ಮಾಡಿದ ದಿನ ನಡೆದ ತಮಾಷೆಯನ್ನು ಹೇಳಲೇಬೇಕು. ಗುಂಡಿಯಿಂದ ಕೇರಿಗೆ ಬರುವ ಪೈಪು ಊರ ಹೊರಗಿನ ಗಂಗಮ್ಮನ ಕಟ್ಟೆಯ ಪಕ್ಕದಲ್ಲೇ ಹಾದು ಬರುತ್ತದೆ. ಅಲ್ಲೊಂದು ಜಾಯಿಂಟು ಬಿಟ್ಟುಕೊಂಡು ನೀರು ಚಿಮ್ಮಿತು. ಚಿಮ್ಮಿದ ನೀರು ಗುಲಾಬಿ ಬಣ್ಣದ್ದು. ಕಟ್ಟೆಯ ಕಲ್ಲೆಲ್ಲ ಗುಲಾಬಿ. ಪೂಜಾರಿ ಚನ್ನಯ್ಯ ಹೂ ಬಿಡಿಸುತ್ತಿದ್ದವನು ಬುಟ್ಟಿ ಅಲ್ಲೇ ಬಿಟ್ಟು ಊರೊಳಕ್ಕೆ ಓಡಿದ.

"ಗಂಗವ್ವ ಕುಂಕುಮ ಇಟ್ಕಂಡಾಳ! ಬರ್ರೆಲೇ, ಗಂಗವ್ವ ಕುಂಕುಮ ಇಟ್ಕಂಡಾಳ!"

ಮಧ್ಯಾಹ್ನದ ಹೊತ್ತಿಗೆ ಪ್ಲಾಸ್ಟಿಕ್ ಪೈಪಿಗೆ ಅರಿಶಿನ ಹಚ್ಚಿ ಕಂಕಣ ಕಟ್ಟಿಯಾಗಿತ್ತು. ತೆಂಗಿನಕಾಯಿ ಒಡೆದರು, ಕಾಯಿ ಒಡೆಯುವ ರಭಸಕ್ಕೆ ಜಾಯಿಂಟು ಇನ್ನಷ್ಟು ಬಿಟ್ಟಿತು, ಗಂಗವ್ವ ಇನ್ನಷ್ಟು ಪ್ರಸನ್ನಳಾದಳು. ಅದನ್ನು ಅಂಟಿಸಲು ಬಂದ ಪ್ಲಂಬರನನ್ನು ಹೊಡೆಯಲು ಹೋದರು. ಹೆಂಗಸರು ಗಿಂಡಿಯಲ್ಲಿ ಹಿಡಿದು ಒಯ್ದು ಹೊಸ್ತಿಲಿಗೆ ಚಿಮುಕಿಸಿದರು. ಕುಡಿಯಲಿಲ್ಲ. ಭಕ್ತಿಗೂ ಒಂದು ಮೂಗಿರುತ್ತದೆ.

ಜಂಬುನಾಥ್‌ಗೆ ಖುಷಿಯೋ ಖುಷಿ. ಬೋರ್ಡಿನ ಮೇಲೆ 'ಸರೋವರ' ಎಂಬುದರ ಮೊದಲು 'ಕುಂಕುಮ' ಎಂದು ಸೇರಿಸಿಬಿಟ್ಟ. ಆದರೆ ನಳದಲ್ಲಿ ಕುಂಕುಮ ಬಂದರೆ ಫೋಟೋದಲ್ಲಿ ಚೆನ್ನಾಗಿ ಕಾಣುವುದಿಲ್ಲ. ಬಣ್ಣ ಎಲ್ಲಿಂದ ಬರುತ್ತಿದೆ ನೋಡಿಸಲು ಹೊಸಪೇಟೆಯ ಲ್ಯಾಬೊಂದರಿಂದ ಜನ ಕರೆಸಿದ. ಬಂದವಳು ರಮಾ.

ರಮಾ ಚಿತ್ತವಾಡ್ಗಿಯವಳು. ಅಪ್ಪ ಬೌದ್ಧ ಧಮ್ಮಕ್ಕೆ ಸೇರಿದ ವರ್ಷ ಹುಟ್ಟಿದ ಮಗಳಿಗೆ ಇಟ್ಟ ಹೆಸರು ಅದು. ಅವಳು ಓದಿದ್ದು ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ. ಕಡಲ ದಂಡೆಯ ಕೆರೆಗಳ ಮೇಲೆ ಸಂಶೋಧನೆ ಮಾಡಿ, ಡಾಕ್ಟರೇಟ್ ಪಡೆದು, ಅದಕ್ಕೆ ತಕ್ಕ ಕೆಲಸ ಎಲ್ಲೂ ಸಿಗದೆ ಊರಿಗೆ ಬಂದು ನೀರು ಪರೀಕ್ಷೆಯ ಲ್ಯಾಬಿಗೆ ಸೇರಿದ್ದಳು. ಕರಡಿಹಟ್ಟಿಯ ಕೇರಿಯಲ್ಲಿ ಹೆಂಗಸರ ಸಂಘ ನಡೆಸುವ ಭೀಮವ್ವ ಅವಳ ತಾಯಿಯ ಅಕ್ಕ. ಜಂಬುನಾಥ್‌ಗೆ ಅದು ಗೊತ್ತಿರಲಿಲ್ಲ. ಡಾಕ್ಟರೇಟ್ ಆದವಳಿಗೆ ಕೇರಿಯಲ್ಲಿ ಒಬ್ಬ ದೊಡ್ಡವ್ವ ಇರಬಹುದೆಂಬ ವಿಚಾರ ಅವನ ತಲೆಯ ಬಾಗಿಲಲ್ಲಿ ಹಿಡಿಸುವಂಥದ್ದಲ್ಲ.

ಪ್ರವಾಸಿಗರ ಬೋಟಿಂಗಿಗೆಂದು ಕಂಪನಿ ಹಂಪಿಯಿಂದ ಒಂದು ಹರಿಗೋಲನ್ನೂ ಅದನ್ನು ನಡೆಸುವ ಹುಸೇನಪ್ಪನನ್ನೂ ತಂದಿಟ್ಟಿತ್ತು. ಅವನು ರಮಾಳನ್ನು ಗುಂಡಿಯ ನಡುವೆ ಒಯ್ದು ನಿಲ್ಲಿಸಿದ. ಅವಳು ಹಗ್ಗಕ್ಕೆ ಭಾರ ಕಟ್ಟಿದ ಬಾಟಲಿ ಇಳಿಬಿಟ್ಟಳು. ಮೇಲಿನಿಂದ ದಾರ ಜಗ್ಗಿದರೆ ಎಷ್ಟು ಆಳದಲ್ಲಿದೆಯೋ ಅಲ್ಲಿಯ ನೀರನ್ನು ಹಿಡಿದು ಬಾಯಿ ಮುಚ್ಚಿಕೊಳ್ಳುವಂಥದ್ದು.

"ಯವ್ವಾ, ಗಾಳಕ್ಕ ಎರಿ ಕಟ್ಟಲ್ಲೇನು?" ಎಂದ ಹುಸೇನಪ್ಪ.

"ನನ್ನ ಮೀನು ಭಾಳ ಸಣ್ಣವು ಕಾಕಾ. ಎರಿ ನುಂಗಂಗಿಲ್ಲ."

"ಸಣ್ಣವು ಅಂದ್ರ?"

"ಈ ಬಾಟ್ಲಿಯಾಗ ನಮ್ಮ ದೇಶದ ಮಂದಿಗಿಂತ ಜಾಸ್ತಿ ಹಿಡೀತಾವು."

"ಹಂಗಾರ ಅವಕ್ಕೂ ರೇಶನ್ ಕಾರ್ಡು ಮಾಡಿಸಬೇಕು."

ಮೇಲಿನ ನೀರು ತಿಳಿಹಸಿರು. ಇನ್ನಷ್ಟು ಹಗ್ಗ ಬಿಟ್ಟು ತೆಗೆದಾಗ ಬಂದದ್ದು ಗುಲಾಬಿ. ರಮಾ ಬಾಟಲಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಈ ಬಣ್ಣವನ್ನು ಅವಳು ಬಲ್ಲಳು. ದೂರದ ನಂಟರನ್ನು ಅಪರಿಚಿತ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಕಂಡಂತಾಯಿತು.

ಕಡಲ ದಂಡೆಯ ಕೆರೆಗಳಲ್ಲಿ ಮರಳಿನೊಳಗಿಂದ ಉಪ್ಪುನೀರು ನುಸುಳಿ ತಳ ಸೇರುತ್ತದೆ. ಅದು ಭಾರ. ಮಳೆಯ ಸಿಹಿನೀರು ಹಗುರ, ಅದರ ಮೇಲೆ ಕೂರುತ್ತದೆ. ಜೋರಾದ ಗಾಳಿ ಬಂದು ಕದಡದಿದ್ದರೆ ಎರಡೂ ವರ್ಷಗಟ್ಟಲೆ ಬೆರೆಯುವುದೇ ಇಲ್ಲ. ಮೇಲಿನ ನೀರಿನಲ್ಲಿ ಬೆಳಕು, ಆಮ್ಲಜನಕ, ಪಾಚಿ, ಮೀನು. ತಳದಲ್ಲಿ ಆಮ್ಲಜನಕದ ಸುಳಿವಿಲ್ಲ. ಅಲ್ಲಿಯ ಜೀವಿಗಳು ಮೇಲಿನಿಂದ ಸತ್ತು ಬಿದ್ದದ್ದನ್ನು ತಿಂದು, ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲವನ್ನು ಬಿಡುತ್ತವೆ. ಎರಡರ ನಡುವಿನ ಗಡಿಯಲ್ಲಿ ಒಂದು ತೆಳು ಪಟ್ಟಿ. ಅಲ್ಲಿಗೆ ಮೇಲಿನಿಂದ ಮಬ್ಬು ಬೆಳಕೂ ಸಿಗುತ್ತದೆ, ಕೆಳಗಿನಿಂದ ವಿಷವೂ ಸಿಗುತ್ತದೆ. ಗುಲಾಬಿ ಬ್ಯಾಕ್ಟೀರಿಯಾಗಳು ಕೋಟಿ ಕೋಟಿಯಾಗಿ ನೆರೆಯುವುದು ಅಲ್ಲೇ. ಬೆಳಕನ್ನು ಹಿಡಿದು ವಿಷವನ್ನು ತಿನ್ನುತ್ತವೆ. ಅವು ತಿನ್ನುತ್ತಿರುವ ತನಕ ವಿಷ ಮೇಲೇರುವುದಿಲ್ಲ. ಮನುಷ್ಯ ಹುಟ್ಟುವ ಮೊದಲು, ಮೀನು ಹುಟ್ಟುವ ಮೊದಲು ಈ ಭೂಮಿಯ ಕಡಲುಗಳಲ್ಲಿ ಇಂಥವೇ ಇದ್ದವು. ಯಾವ ಕುಂಕುಮವೂ ಇಷ್ಟು ಹಳೆಯದಲ್ಲ.

ಇಲ್ಲಿ ಕಡಲಿಲ್ಲ. ಕಡಲಿನ ಕೆಲಸವನ್ನು ಕಂಪನಿಯ ರಾಡಿ ಮಾಡಿತ್ತು. ಬೂದಿಯ ಉಪ್ಪೆಲ್ಲ ಕರಗಿ ತಳದ ನೀರು ಭಾರವಾಗಿತ್ತು. ಅಗೆದು ಬಿಟ್ಟ ಎತ್ತರದ ಗೋಡೆಗಳು ಗಾಳಿಯನ್ನು ತಡೆದಿದ್ದವು. ಎಲ್ಲಿಂದಲೋ ಬಂದ ಈ ಜೀವಿಗಳು ಗಡಿಯನ್ನು ಹುಡುಕಿಕೊಂಡು ಕಾವಲಿಗೆ ನಿಂತಿದ್ದವು.

ಕೊನೆಯ ಬಾಟಲಿ ತಳದ ನೀರು. ಕನ್ನಡಿಯಂತೆ ತಿಳಿ. ಮುಚ್ಚಳ ಸಡಿಲಿಸಿದೊಡನೆ ಹುಸೇನಪ್ಪ ಹುಟ್ಟು ಬಿಟ್ಟು ಮೂಗು ಹಿಡಿದುಕೊಂಡ.

"ಇದನ್ನೇನವ್ವ ಮಂದಿಗಿ ಕುಡಿಸೋದು?"

ಲ್ಯಾಬಿನ ಫಲಿತಾಂಶ ಕೈಗೆ ಬಂದ ಮೇಲೆ ರಮಾ ಗೆಸ್ಟ್‌ಹೌಸಿನ ವರಾಂಡದಲ್ಲಿ ಜಂಬುನಾಥ್‌ನ ಎದುರು ಕೂತಳು. ಅವನ ಹಿಂದೆ ಹೊಳೆಯ ನೀರು ಹುಲ್ಲಿನ ಮೇಲೆ ಚಕ್ರಾಕಾರವಾಗಿ ಚಿಮ್ಮುತ್ತಿತ್ತು.

"ಹೆಂಗೈತ್ರಿ ಮೇಡಂ ನಮ್ ಸರೋವರ?"

"ಅಲ್ಲಿ ಎರಡು ಕೆರಿ ಅದಾವ್ರಿ ಸರ್. ಒಂದರ ಮ್ಯಾಲ ಒಂದು."

"ಮಸ್ತ್! ಒಂದು ತಗೊಂಡ್ರ ಒಂದು ಫ್ರೀ!"

"ಕೆಳಗಿಂದು ಕುಡಿಯೋ ನೀರಲ್ಲ. ವಿಷದ ಗ್ಯಾಸ್ ಐತಿ, ಮ್ಯಾಂಗನೀಸ್ ಐತಿ, ಆರ್ಸೆನಿಕ್ ಐತಿ. ನಿಮ್ಮ ಪೈಪಿನ ಬಾಯಿ ಈಗ ನಡುವಿನ ಗುಲಾಬಿ ಪಟ್ಟಿಯೊಳಗ ಕುಂತೈತಿ. ಅದನ್ನ ಮ್ಯಾಲಕ್ಕ ಎತ್ತಿಸ್ರಿ. ಮ್ಯಾಲಿನ ನೀರನ್ನ ಸೋಸಿ, ಪರೀಕ್ಷಾ ಮಾಡಿ ಕೊಡಬಹುದು."

"ಮ್ಯಾಲಿನ ನೀರು ಬೋಟಿಂಗಿಗಿ ಐತಲ್ರಿ. ಅದನ್ನ ಎಳದ್ರ ಮಟ್ಟ ಇಳೀತೈತಿ, ಹರಿಗೋಲು ಕೆಸರಿಗಿ ಕುಂದರತೈತಿ."

"ತಳದಿಂದ ಎಳದ್ರೂ ಮಟ್ಟ ಇಳೀತೈತ್ರಿ ಸರ್."

"ಅದ್ಹೆಂಗ? ನಾವು ಕೆಳಗಿಂದಷ್ಟ ತಗೀತೀವಲ್ಲ?"

ರಮಾ ಅವನ ಮುಖ ನೋಡಿದಳು. ಅವನು ತಮಾಷೆ ಮಾಡುತ್ತಿರಲಿಲ್ಲ. ಕೆಳಗಿನದನ್ನು ಎಷ್ಟು ಹೀರಿದರೂ ಮೇಲಿನದಕ್ಕೆ ಏನೂ ಆಗುವುದಿಲ್ಲ ಎಂಬುದು ಅವನ ಇಡೀ ಬದುಕಿನ ಅನುಭವ.

"ಈ ಗುಲಾಬಿ ಹುಳ ಎಲ್ಲಿ ತನಕ ಅದಾವು?" ಎಂದು ಅವನೇ ಕೇಳಿದ.

"ಆ ಪಟ್ಟಿಯೊಳಗಷ್ಟ."

"ಅದರ ಕೆಳಗ ಬಣ್ಣ?"

"ಬಣ್ಣ ಇಲ್ರಿ. ಆದ್ರ..."

"ತಿಳಿ ಐತಿ ಅಂದಂಗಾತು."

"ತಿಳಿ ಇದ್ರ ಚಲೋ ನೀರು ಅಂತಲ್ರಿ ಸರ್, ಅದ..."

"ಚಾ ಕುಡೀರಿ ಮೇಡಂ, ಆರಿ ಹೋಗ್ತೈತಿ. ನಿಮ್ಮ ಲ್ಯಾಬಿನ ಮಾಲೀಕರ ಕೂಡ ಮಾತಾಡೀನಿ. ಮ್ಯಾಲಿನ ನೀರಿನ ರಿಸಲ್ಟ್ ಒಂದಿದ್ರ ಸಾಕು ಅಂದಾರ. ತಳದ್ದು ನಾವು ಕೇಳಿಲ್ಲ, ನೀವು ಹೇಳಿಲ್ಲ."

ಹೀಗೆ ಅವನಿಗೆ ಬೇಕಾದ ಒಂದು ಮಾತು ಸಿಕ್ಕಿತ್ತು. ಮರುದಿನವೇ ಪೈಪಿಗೆ ಇನ್ನೊಂದು ತುಂಡು ಸೇರಿಸಿದರು. ಹುಸೇನಪ್ಪ ಫೋನು ಮಾಡಿ, "ಯವ್ವಾ, ಪೈಪು ಎತ್ತಲಿಲ್ಲ, ಇನ್ನೂ ಕೆಳಕ್ಕ ಬಿಟ್ರು," ಎಂದ. ಕಾವಲುಗಾರರನ್ನು ದಾಟಿ ಸೀದಾ ವಿಷದ ಬಾಯಿಗೇ ಕೊಳವೆ ಇಟ್ಟಿದ್ದರು. ಕುಂಕುಮ ನಿಂತಿತು, ತಿಳಿನೀರು ಬಂತು, ಜೊತೆಗೆ ವಾಸನೆ ಬಂತು. ಅದಕ್ಕೂ ಉಪಾಯ ತಯಾರಿತ್ತು. ಕೇರಿಯ ಹೊಸ ಟ್ಯಾಂಕಿಗೆ ಒಂದು ಚೀಲ ಬ್ಲೀಚಿಂಗ್ ಪುಡಿ ಸುರಿದು, ಚನ್ನಯ್ಯನ ಕೈಯಿಂದ ಬುಟ್ಟಿಗಟ್ಟಲೆ ತುಳಸಿಯನ್ನೂ ಪಚ್ಚಕರ್ಪೂರವನ್ನೂ ಹಾಕಿಸಿದರು. ತೀರ್ಥದ ವಾಸನೆ ಬರಲೆಂದು. ಯಾವ ಕೇರಿಗೆ ಇವರು ಹುಟ್ಟಿದಂದಿನಿಂದ ಒಂದು ಹನಿ ತೀರ್ಥ ಕೊಟ್ಟಿರಲಿಲ್ಲವೋ ಅದಕ್ಕೆ ಈಗ ಟ್ಯಾಂಕುಗಟ್ಟಲೆ!

ರಮಾ ತಳದ ನೀರಿನ ಬಾಟಲಿ ತೆಗೆದುಕೊಂಡು ಭೀಮವ್ವನ ಮನೆಗೆ ಹೋದಳು. ಭೀಮವ್ವ ರೊಟ್ಟಿ ಬಡಿಯುತ್ತಿದ್ದಳು. ಹರೆಯದಲ್ಲಿ ಅದೇ ಗುಡ್ಡದಲ್ಲಿ ಅದಿರಿನ ಪುಟ್ಟಿ ಹೊತ್ತವಳು. ಕೆಮ್ಮಿದರೆ ಈಗಲೂ ಎದೆಯಿಂದ ಆ ಕೆಂಪು ಧೂಳೇ ಬರುತ್ತದೆ ಎಂದು ನಗುತ್ತಾಳೆ.

"ಬಾರವ್ವ. ಕುಂದ್ರು. ಏನಿದು, ಗಂಗವ್ವನ ತೀರ್ಥ ತಂದಿಯೇನು?"

"ಅದ ದೊಡ್ಡವ್ವ. ನಿನ್ನ ಬೆಳ್ಳಿ ಉಂಗುರ ಕೊಡಿಲ್ಲಿ."

ರಮಾ ನೀರನ್ನು ಲೋಟಕ್ಕೆ ಬಗ್ಗಿಸಿ ಉಂಗುರ ಹಾಕಿದಳು. ಒಲೆಯ ಮೇಲಿನ ರೊಟ್ಟಿ ಬೇಯುವಷ್ಟರಲ್ಲಿ ಬೆಳ್ಳಿ ಮಂಕಾಗಿ, ಕಂದಾಗಿ, ಕಪ್ಪಾಯಿತು. ಗಾಳಿ ತಾಗಿದ ನೀರು ತಾನೂ ತಿಳಿ ಉಳಿಯಲಿಲ್ಲ. ಮಬ್ಬಾಗಿ ಹಳದಿ ತಿರುಗಿ ತಳದಲ್ಲಿ ತುಕ್ಕಿನಂಥದ್ದು ಕೂರತೊಡಗಿತು. ಭೀಮವ್ವ ಬಗ್ಗಿ ಮೂಸಿ ಮುಖ ಹಿಂದಕ್ಕೆ ಎಳೆದುಕೊಂಡಳು. ಹಿತ್ತಲಲ್ಲಿ ಮೊಮ್ಮಕ್ಕಳು ಆಡುತ್ತಿದ್ದ ಸದ್ದು ಬರುತ್ತಿತ್ತು. ಅವಳು ಎದ್ದು ಹೋಗಿ ಹಿತ್ತಲ ಬಾಗಿಲು ಹಾಕಿಕೊಂಡು ಬಂದಳು, ಆ ವಾಸನೆ ಅವರ ತನಕ ಹೋಗಬಾರದೆಂಬಂತೆ.

"ಮತ್ತ ಅವತ್ತು ಗುಲಾಬಿ ಬಂತಲ್ಲ, ಅದು?"

"ಅವು ಜೀವ ದೊಡ್ಡವ್ವ. ಕೆಳಗಿನ ಈ ವಿಷಾನ ಉಂಡು ಬದುಕ್ತಾವು. ಮ್ಯಾಲ ಬರಾಕ ಬಿಡಂಗಿಲ್ಲ."

"ವಿಷ ಉಂಡು ಬದುಕ್ತಾವಾ? ಹಂಗಾರ ನಮ್ಮ ಮಂದೀನ," ಎಂದು ನಕ್ಕಳು ಭೀಮವ್ವ. ನಗು ಜಲ್ದಿ ನಿಂತಿತು. "ಒಂದು ಮಾತು ಕೇಳು. ಬರೋ ಸೋಮವಾರ ಉದ್ಘಾಟನೆ ಐತಿ. ಕೇರಿಯಿಂದ ಒಬ್ಬಾಕಿ ಮೊದಲ ಕೊಡ ತುಂಬಬೇಕಂತ, ಫೋಟೋ ಹೊಡೀತಾರಂತ. ಕೇರಿ ಒಪ್ಪಿಕೊಂಡ್ತು ಅನ್ನಾಕ ಅದ ಸಾಕ್ಷಿ. ಅವತ್ತ ಸಂಜಿಗಿ ಅಗಸಿ ನಳ ನಮಗ ಬಂದ್. ಆ ಕೊಡ ತುಂಬಿದ್ವಿ ಅಂದ್ರ ನಮ್ಮ ಕೂಸುಗಳು ಇದನ್ನ ಕುಡಿಬೇಕು. ಇಷ್ಟ ಐತಿ ಅಲ್ಲೇನು?"

"ಇಷ್ಟ ಐತಿ."

"ನಡಿ ಹಂಗಾರ. ಅಧ್ಯಕ್ಷನ್ನ ಒಮ್ಮಿ ಕೇಳೇ ಬರಾನ."

ಮೈಲಾರಲಿಂಗಪ್ಪ ಪಂಚಾಯಿತಿ ಕಚೇರಿಯಲ್ಲಿ ಹೊಸ ಶಲ್ಯ ಹೊದ್ದು ಕನ್ನಡಿ ನೋಡಿಕೊಳ್ಳುತ್ತಿದ್ದ. ಉದ್ಘಾಟನೆಗೆ ಯಾವ ಬಣ್ಣ ಒಪ್ಪುತ್ತದೆ ಎಂಬುದೇ ಆ ವಾರ ಪಂಚಾಯಿತಿಯ ಮುಂದಿದ್ದ ದೊಡ್ಡ ಪ್ರಶ್ನೆ. ಭೀಮವ್ವ ಹೊಸ್ತಿಲ ಹೊರಗೇ ನಿಂತು, ನೀರು ಕೆಟ್ಟಿದೆ, ಪರೀಕ್ಷೆ ಮಾಡಿದ ಮಗಳು ಇಲ್ಲೇ ಇದ್ದಾಳೆ, ಕೇಳಿರಿ ಎಂದಳು.

"ಏನ್ ಮಾತಾಡ್ತಿ ಭೀಮಿ? ಗಂಗವ್ವ ಕುಂಕುಮ ಇಟ್ಕಂಡ ನೀರಿಗಿ ಕೆಟ್ಟೈತಿ ಅಂತಿ, ನಾಲಿಗಿ ಸೇದಿ ಹೋದೀತು ನೋಡು."

"ಅದು ಕುಂಕುಮ ಅಲ್ರಿ, ಬ್ಯಾಕ್ಟೀರಿಯಾ," ಎಂದಳು ರಮಾ.

"ಬ್ಯಾಕ್ಟೀರಿಯಾ ಬಿಳೇವಿರ್ತಾವು ತಂಗಿ. ನಮ್ಮ ಮನಿ ಮೊಸರಾಗ ಇಲ್ಲೇನು? ನಾನೂ ಎಸ್ಸೆಸ್ಸೆಲ್ಸಿ ಓದೀನಿ."

ರಮಾ ಮತ್ತೆ ಬಾಯಿ ತೆರೆದಳು. ಭೀಮವ್ವ ಅವಳ ಕೈ ಮುಟ್ಟಿ ತಡೆದಳು.

"ಹಂಗಾರ ಅದು ದೇವ್ರ ನೀರು ಅಂತೀರಿ, ಅಧ್ಯಕ್ಷರ?"

"ದೇವ್ರ ನೀರ ಮತ್ತ!"

"ಎಲ್ಲಾರ ಮುಂದೂ ಹಂಗ ಅಂತೀರೇನ್ರಿ?"

"ಮೈಕಿನಾಗ ಅಂತೀನಲೇ. ಮೊದಲ ಕೊಡ ನೀನ ತುಂಬ್ತಿ, ತಿಳೀತಿಲ್ಲೋ? ಕಂಪನಿಯೋರು ನಿನ್ನ ಹೆಸರ ಬರಕಂಡಾರ. ಚಲೋ ಸೀರಿ ಉಟ್ಕೊಂಡ್ ಬಾ."

ದಾರಿಯಲ್ಲಿ ರಮಾ ಸಿಟ್ಟಿನಲ್ಲಿ ದೊಡ್ಡವ್ವನಿಗಿಂತ ಮುಂದೆ ಮುಂದೆ ನಡೆದಳು. ಪೇಪರಿನವರಿಗೆ ಹೇಳುತ್ತೇನೆ, ಜಿಲ್ಲಾಧಿಕಾರಿಗೆ ಕೊಡುತ್ತೇನೆ ಎಂದಳು. "ಕೊಡು," ಎಂದಳು ಭೀಮವ್ವ. "ಅವರು ಬರೋ ತನಕ ಆ ಕೊಡ ಖಾಲಿ ಇರಬೇಕಲ್ಲ, ಅದನ್ನ ನಾ ನೋಡಿಕೊಂತೀನಿ."

ಸೋಮವಾರ ಕೇರಿಯ ಬಾಯಲ್ಲಿ ಶಾಮಿಯಾನ ಹಾಕಿದ್ದರು. ಕೇರಿಗೆ ಬಂದ ಮೊದಲ ಶಾಮಿಯಾನ. ನಳ ಕೇರಿಯದು, ನೆಲ ಕೇರಿಯದು; ಕುರ್ಚಿ ಮಾತ್ರ ಊರಿನವರಿಗೆ, ಕೇರಿಯವರು ನಿಂತಿದ್ದರು. ಕಂಪನಿ ಹೆಂಗಸರಿಗೆಲ್ಲ ತನ್ನ ಹೆಸರು ಅಚ್ಚಾದ ನೀಲಿ ಪ್ಲಾಸ್ಟಿಕ್ ಕೊಡ ಹಂಚಿತ್ತು. ಕೇರಿಯ ಹುಡುಗರು ಅವನ್ನೇ ತಮಟೆ ಮಾಡಿ ಬಾರಿಸುತ್ತಿದ್ದರು. ಲ್ಯಾಬಿನ ಮಾಲೀಕ ಹೋಗಬೇಡವೆಂದಿದ್ದರೂ ರಮಾ ಬಂದು ದೊಡ್ಡವ್ವನ ಪಕ್ಕ ನಿಂತಿದ್ದಳು. ಜಂಬುನಾಥ್ ಅವಳನ್ನು ನೋಡಿದ, ಭೀಮವ್ವನನ್ನು ನೋಡಿದ, ಇಬ್ಬರ ಮೂಗನ್ನೂ ಹಣೆಯನ್ನೂ ಹೋಲಿಸಿ ನೋಡಿದ. ಅವನ ಮುಖದಲ್ಲಿ ಏನೋ ಕದಡಿತು. ಆದರೆ ಅಷ್ಟರಲ್ಲಿ ಮೈಕು ಶುರುವಾಗಿತ್ತು.

"ಇದು ಬರೇ ನೀರಲ್ಲ ಬಂಧುಗಳೇ," ಎಂದ ಮೈಲಾರಲಿಂಗಪ್ಪ. ಶಲ್ಯ ನೀಲಿ ಬಣ್ಣದ್ದು. ಕೇರಿಗೆ ಅದೇ ಒಪ್ಪುತ್ತದೆಂದು ಯಾರೋ ಹೇಳಿದ್ದರು. "ಗಂಗಾಮಾತೆ ಸ್ವತಃ ಕುಂಕುಮ ಧರಿಸಿ ಹರಸಿದ ದೇವ್ರ ನೀರು! ಇಂಥ ನೀರಿನ ಮೊದಲ ಕೊಡ ತುಂಬುವ ಭಾಗ್ಯವನ್ನು ನಾವು ಯಾರಿಗೆ ಕೊಟ್ಟೀವಿ? ಶ್ರೀಮತಿ ಭೀಮವ್ವನವರಿಗೆ!"

ಭೀಮವ್ವನವರು. ಆ ಬಾಯಲ್ಲಿ 'ನವರು' ಎಂಬ ಆ ಮೂರಕ್ಷರ ಸೇರಿದ್ದನ್ನು ಕೇಳಿ ಕೇರಿಯ ಹೆಂಗಸರು ಒಬ್ಬರನ್ನೊಬ್ಬರು ಚಿವುಟಿಕೊಂಡರು.

ಚನ್ನಯ್ಯ ನಳಕ್ಕೆ ಹೂ ಹಾಕಿದ. ವೇದಿಕೆಯ ಮೇಜಿನ ಮೇಲೆ ತೋರಿಕೆಗೆಂದು ಗಾಜಿನ ಹೂಜಿಯಲ್ಲಿ ಬೆಳಿಗ್ಗೆ ಹಿಡಿದಿಟ್ಟ ನೀರಿತ್ತು. ಹಿಡಿದಾಗ ತಿಳಿಯಾಗಿದ್ದದ್ದು ಭಾಷಣ ಮುಗಿಯುವಷ್ಟರಲ್ಲಿ ಹಳದಿಯಾಗಿತ್ತು. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷನ ಮೊಮ್ಮಗು ಬಾಯಾರಿ ಅದಕ್ಕೆ ಕೈ ಚಾಚಿತು. ಅಧ್ಯಕ್ಷನ ಹೆಂಡತಿ ಚೆನ್ನಬಸಮ್ಮ ಹಾವು ಕಂಡಂತೆ ಮಗುವಿನ ಕೈಗೆ ಫಟ್ಟನೆ ಹೊಡೆದು ಎಳೆದುಕೊಂಡಳು. ಎಲ್ಲರೂ ನೋಡಿದರು. ಅವಳು ಯಾವ ಲ್ಯಾಬಿಗೂ ಹೋದವಳಲ್ಲ. ಅಲ್ಲಿ ಕುರ್ಚಿಯ ಮೇಲೆ ಕೂತ ಯಾರಿಗೂ ಯಾವ ಪರೀಕ್ಷೆಯೂ ಬೇಕಿರಲಿಲ್ಲ. ಗೊತ್ತಿದ್ದೇ ಕೂತಿದ್ದರು, ಗೊತ್ತಿದ್ದೇ ಚಪ್ಪಾಳೆ ತಟ್ಟಿದ್ದರು.

ಜಂಬುನಾಥ್ ರಿಬ್ಬನ್ ಕತ್ತರಿಸಿದ. ಫೋಟೋದವನು ಮಂಡಿಯೂರಿದ. "ಬರ್ರಿ ಅಮ್ಮಾ, ನಕ್ಕೋತ ಬರ್ರಿ."

ಭೀಮವ್ವ ಕೊಡ ಎತ್ತಿಕೊಂಡು ನಳದ ತನಕ ಬಂದಳು. ನಳ ತಿರುಗಿಸಲಿಲ್ಲ. ವೇದಿಕೆಯ ಕಡೆ ತಿರುಗಿ ನಿಂತಳು.

"ಅಧ್ಯಕ್ಷರ, ಇದು ದೇವ್ರ ನೀರು ಅಂದ್ರಿ. ಮೈಕಿನಾಗ ಅಂದ್ರಿ, ಎಲ್ಲಾರೂ ಕೇಳ್ಯಾರ. ದೇವ್ರ ನೀರಿಗಿ ಊರಿಗಿಂತ ಮೊದ್ಲ ನಮ್ಮ ಕೊಡ ತಾಕಿದ್ರ ಮೈಲಿಗಿ ಆಗಂಗಿಲ್ಲೇನ್ರಿ? ಚನ್ನಯ್ಯನೋರ, ನೀವ ಹೇಳ್ರಿ."

ಚನ್ನಯ್ಯ ನಳದ ಕಡೆ ತಿರುಗಿದ. ಯಾವ ಉತ್ತರ ಕೊಟ್ಟರೂ ಊಟಕ್ಕೆ ಕುತ್ತು ಎಂದು ತಿಳಿದವನಂತೆ ಹಾಕಿದ ಹೂವನ್ನೇ ಮತ್ತೆ ಸರಿಮಾಡತೊಡಗಿದ.

"ಮೈಲಿಗಿ ಗಿಯಿಲಿಗಿ ಏನಿಲ್ಲವ್ವ ಈಗ," ಎಂದ ಮೈಲಾರಲಿಂಗಪ್ಪ ಮೈಕಿನಲ್ಲೇ, ನಗುತ್ತ. "ಕಾಲ ಬದಲಾಗೈತಿ. ಎಲ್ಲಾರೂ ಒಂದ."

"ಭಾಳ ಚಲೋ ಆತ್ರಿ. ಹಂಗಾರ ನಾಳಿ ಮುಂಜಾನಿ ಅಗಸಿ ನಳದಾಗೂ ಮೊದಲ ಕೊಡ ನಮ್ದ?"

ಗಂಗಮ್ಮನ ಪೈಪಿಗೆ ಆರತಿ ಎತ್ತಿದ ಹೆಂಗಸರು ಸೆರಗಿನ ಅಂಚನ್ನು ನೋಡಿಕೊಳ್ಳುತ್ತಿದ್ದರು. ಎಲ್ಲಾರೂ ಒಂದ ಎಂಬ ಮಾತು ಇಲ್ಲಿಂದ ಅಗಸಿಯ ತನಕ ನಡೆದು ಹೋಗುವಷ್ಟು ಗಟ್ಟಿಯಿರಲಿಲ್ಲ.

"ಆಗಂಗಿಲ್ಲಲ್ರಿ?" ಎಂದಳು ಭೀಮವ್ವ. "ಹಂಗಾರ ನಮ್ಮ ರೂಢಿ ನಾವ್ಯಾಕ ಬಿಡಾನ. ಹುಟ್ಟಿದಾಗಿಂದ ನಾವು ಕಡಿಗಿ ತುಂಬೋರು. ಇವತ್ತೂ ಕಡಿಗೇ ತುಂಬ್ತೀವಿ. ಮೊದ್ಲ ಊರು ತುಂಬ್ಲಿ. ನಿಮ್ಮ ಮನಿ ಕೊಡ ತುಂಬ್ಲಿ, ನಿಮ್ಮ ಎಮ್ಮಿ ಬಾನಿ ತುಂಬ್ಲಿ, ನಿಮ್ಮ ಬೈಕು ತೊಳೀಲಿ. ಕಂಪನಿ ಸಾಹೇಬ್ರೂ ಒಂದೀಟು ಬಾಯಿ ಹಾಕ್ಲಿ. ನಾವು ಅಲ್ಲಿ ನಿಂತಿರ್ತೀವಿ. ನಿಲ್ಲೋದು ನಮಗ ರೂಢಿ ಐತಿ. ಅಲ್ಲೀ ತನಕ ಅಗಸಿ ನಳಕ್ಕ ಬರತೀವಿ."

ಹಿಂದೆ ನಿಂತ ಹೆಂಗಸರಲ್ಲಿ ಒಬ್ಬಳು ನಕ್ಕಳು. ಆಮೇಲೆ ಎಲ್ಲರೂ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ಶಾಮಿಯಾನದ ಆಚೆ ಹೋಗಿ, ನೀಲಿ ಕೊಡಗಳನ್ನು ನೆಲದ ಮೇಲೆ ಒಂದರ ಹಿಂದೊಂದು ಸಾಲಿಟ್ಟು ನಿಂತರು. ನಳದ ಮುಂದೆ ಊರಿನವರಿಗೆಂದು ಜಾಗ ಖಾಲಿ ಬಿಟ್ಟಿದ್ದರು. ಆ ಖಾಲಿ ಜಾಗಕ್ಕೆ ಯಾರೂ ಬರಲಿಲ್ಲ.

ಜಂಬುನಾಥ್ ಹಲ್ಲು ಕಚ್ಚಿ ಹತ್ತಿರ ಬಂದ. "ಒಂದ ಕೊಡ ಅಮ್ಮಾ. ಬರೇ ಫೋಟೋಕ್ಕ. ಆಮ್ಯಾಲೆ ಚೆಲ್ಲಿ ಬಿಡ್ರಿ ಬೇಕಾರ."

"ಫೋಟೋಕ್ಕ ನಿಮ್ಮ ಕೊಡ ಇಡ್ರಿ ಸಾಹೇಬ್ರ. ನಾವು ಹಿಂದ ಬರ್ತೀವಿ."

ಮೈಲಾರಲಿಂಗಪ್ಪನ ನಗು ಇಳಿದಿತ್ತು. ಮೈಕು ಬಾಯಿಯ ಮುಂದೇ ಇದೆ ಎಂಬುದನ್ನೂ ಮರೆತು ಕೂಗಿದ: "ತುಂಬು ಅಂದ್ರ ತುಂಬಬೇಕಲೇ ಭೀಮಿ!"

'ನವರು' ಬಿದ್ದುಹೋದದ್ದು ನಾಲ್ಕೂ ದಿಕ್ಕಿನ ಲೌಡ್‌ಸ್ಪೀಕರಿನಲ್ಲಿ ಕೇಳಿಸಿತು. ಭೀಮವ್ವ ಕೊಡವನ್ನು ಬೋರಲು ಹಿಡಿದು ನಳದಿಂದ ಹಿಂದಕ್ಕೆ ನಡೆದಳು. ಸಾಲಿನ ಕೊನೆಗೆ, ಎಲ್ಲ ಕೊಡಗಳ ಹಿಂದೆ, ಅದನ್ನು ಬೋರಲಾಗಿಯೇ ಇಟ್ಟಳು.

"ಒಲ್ಲೆ," ಎಂದಳು.